ಹಸಿರು ದೀಪ ಮತ್ತು ನಾನು ಅಳಿಸಿದ ಸಾಲು

ಆ ಸಾಲನ್ನು ಅಳಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಒಬ್ಬೊಬ್ಬರು ಒಂದೊಂದು ಥರ ಹೇಳಿದರು. ಸೆನ್ಸರ್ ಕೆಟ್ಟಿತ್ತು ಅಂದರು, ಕರೆಂಟು ಏರಿಳಿತ ಅಂದರು, ಆ ಮನುಷ್ಯ ಕುಡಿದಿದ್ದ ಅಂದರು. ಯಾವುದೂ ಅಲ್ಲ. ಒಂದೇ ಒಂದು ಸಾಲು. ಅದನ್ನು ತೆಗೆದಾಗ ಊಟದ ಹೊತ್ತಾಗಿತ್ತು. ತೆಗೆದೆ, ಹೋಗಿ ನೆಮ್ಮದಿಯಾಗಿ ಊಟ ಮಾಡಿ ಬಂದೆ.

ಹೊಸೂರಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿರುವ ನಮ್ಮ ಚಿಕ್ಕ ಯೂನಿಟ್ಟಿನಲ್ಲಿ ಮಾವಿನಕಾಯಿ ಹಣ್ಣು ಮಾಡುವ ಕೋಣೆಗಳಿಗೆ ಕಂಟ್ರೋಲರ್ ಡಬ್ಬಿ ತಯಾರಿಸುತ್ತೇವೆ. ಕೃಷ್ಣಗಿರಿ ಕಡೆಯ ಮಂಡಿಗಳಲ್ಲಿ ಈಗ ಕಾಯಿಯನ್ನು ಗಾಳಿಯಾಡದ ತಂಪು ಕೋಣೆಯಲ್ಲಿ ಪೇರಿಸಿ, ಎಥಿಲೀನ್ ಅನಿಲ ಬಿಟ್ಟು ಹಣ್ಣು ಮಾಡುತ್ತಾರೆ. ಹಣ್ಣಾಗುವ ಕಾಯಿ ನಮ್ಮ ಹಾಗೆಯೇ ಉಸಿರಾಡುತ್ತದೆ, ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಂಡರೆ ಒಳಗೆ ಹೋದವನಿಗೆ ತಲೆ ಸುತ್ತುತ್ತದೆ. ಇನ್ನೂ ಹೆಚ್ಚಾದರೆ ಪ್ರಾಣಕ್ಕೇ ಕುತ್ತು. ಹಣ್ಣು ಇಳಿಸುವ ಗುಂಡಿ ಒತ್ತಿದ ಕೂಡಲೇ ನಮ್ಮ ಡಬ್ಬಿ ಅನಿಲ ನಿಲ್ಲಿಸಬೇಕು, ಫ್ಯಾನ್ ಓಡಿಸಬೇಕು, ಒಳಗಿನ ಗಾಳಿ ಅಳೆಯಬೇಕು, ಸರಿಹೋದ ಮೇಲೆ ಬಾಗಿಲಿನ ಮೇಲಿರುವ ಕೆಂಪು ದೀಪ ಆರಿಸಿ ಹಸಿರು ಹತ್ತಿಸಬೇಕು.

ದೀಪದ ಯೋಚನೆ ನನ್ನದೇ. ಅದಕ್ಕೆ ಮುಂಚೆ ಲೋಡರ್‌ಗಳು ಬಾಗಿಲು ತೆರೆದಿಟ್ಟು, ಹೊರಗೆ ಕೂತು ಎರಡು ಬೀಡಿ ಸೇದಿ, ಆಮೇಲೆ ಒಳಗೆ ಹೋಗುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಅವರೇ ಕಂಡುಕೊಂಡಿದ್ದ ಲೆಕ್ಕ. ಸೂಳಗಿರಿಯಾಚೆಯ ಮಂಡಿಯೊಂದರಲ್ಲಿ ಡಬ್ಬಿಗಳನ್ನು ಕೂರಿಸಿದ ದಿನ ನಾನೇ ಅವರನ್ನೆಲ್ಲ ಸೇರಿಸಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹೇಳಿದ್ದೆ: ‘ಇನ್ಮೇಲೆ ಕಾಯೋದು ಬೇಡ. ಕೆಂಪಿದ್ರೆ ನಿಂತ್ಕೊಳ್ಳಿ, ಹಸಿರು ಬಂದ್ರೆ ನುಗ್ಗಿ.’ ಮಂಡಿಯ ಮ್ಯಾನೇಜರಿಗೆ ಬಹಳ ಖುಷಿಯಾಗಿತ್ತು. ನನಗೂ.

ಈ ವರ್ಷ ಸೀಸನ್ ಶುರುವಾಗುವ ಮುಂಚೆ ಡಬ್ಬಿಯೊಳಗೆ ನಾವು ಬಳಸುತ್ತಿದ್ದ ಪುಟ್ಟ ಕಂಪ್ಯೂಟರ್ ಬೋರ್ಡು ಮಾರ್ಕೆಟ್ಟಿನಲ್ಲಿ ಸಿಗುವುದು ನಿಂತಿತು. ಸಿಕ್ಕ ಹೊಸ ಬೋರ್ಡಿನಲ್ಲಿ ಮೆಮೊರಿಯ ಜಾಗ ಬಹಳ ಕಡಿಮೆ. ಹಳೆಯದರಲ್ಲಿ ಬ್ಯಾಶ್ ಎಂಬ ದೊಡ್ಡ ಶೆಲ್ ಹಾಕಿದ್ದೆವು. ಶೆಲ್ ಎಂದರೆ ಬೋರ್ಡಿನೊಳಗೆ ಕೂತು, ನಾವು ಬರೆದಿಟ್ಟ ಆಜ್ಞೆಗಳನ್ನು ಒಂದೊಂದಾಗಿ ಓದಿ ಕೆಲಸ ಮಾಡಿಸುವ ಮೇಸ್ತ್ರಿ. ಆಜ್ಞೆಗಳನ್ನು ಬರೆದಿಟ್ಟ ಕಡತವೇ ಸ್ಕ್ರಿಪ್ಟು. ಹೊಸ ಬೋರ್ಡಿಗೆ ಬ್ಯಾಶ್ ತೂರುತ್ತಿರಲಿಲ್ಲ. ಚಿಕ್ಕ ಮೇಸ್ತ್ರಿಯೊಬ್ಬನನ್ನು ಹುಡುಕಬೇಕಿತ್ತು.

‘ನಿನ್ ಕೈಲಿ ಆಗುತ್ತಾ, ಇಲ್ಲಾ ಬೆಂಗ್ಳೂರಿಂದ ಯಾರನ್ನಾದ್ರೂ ಕರೆಸ್ಲಾ?’ ಎಂದರು ಯಜಮಾನರು.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅವರ ಮಾತಿನಲ್ಲಿ ಕೊಂಕಿರಲಿಲ್ಲ ಎಂದು ಈಗ ಅನಿಸುತ್ತದೆ. ಆಗ ಮಾತ್ರ ಚುಚ್ಚಿತು. ‘ಕರೆಸ್ಬೇಡಿ ಸಾರ್. ಒಂದು ವಾರ ಕೊಡಿ’ ಎಂದೆ.

ಒಂದು ವಾರ ನಿಜವಾಗಿಯೂ ಮೈಮುರಿದು ದುಡಿದೆ. ಮೊದಲು ಹಶ್ ಎಂಬ ಶೆಲ್ಲನ್ನು ಹಾಕಿ ನೋಡಿದೆ. ಚಿಕ್ಕದಾಗೇನೋ ಇತ್ತು, ಆದರೆ ನಮ್ಮ ಹಳೆಯ ಸ್ಕ್ರಿಪ್ಟು ಓದುವಾಗ ಎರಡು ಕಡೆ ಮುಗ್ಗರಿಸಿತು. ಆಮೇಲೆ ಆ್ಯಶ್ ಹಾಕಿದೆ. ಅದು ಬಿಜಿಬಾಕ್ಸ್ ಎಂಬ ಕಟ್ಟಿನೊಳಗೇ ಬರುತ್ತದೆ. ಲಿನಕ್ಸಿನ ನೂರಾರು ಪುಟ್ಟ ಹತಾರಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಟ್ಟ ಹಾಗೆ. ಅದನ್ನು ಕಟ್ಟುವ ಮುಂಚೆ ಪರದೆಯ ಮೇಲೆ ಉದ್ದದ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಪ್ರತಿ ಸೌಲಭ್ಯದ ಮುಂದೆ ಒಂದು ಚೌಕ. ಚೌಕದಲ್ಲಿ ನಕ್ಷತ್ರ ಇದ್ದರೆ ಆ ಸೌಲಭ್ಯ ಸೇರುತ್ತದೆ, ತೆಗೆದರೆ ಬಿಟ್ಟುಹೋಗುತ್ತದೆ.

ನಕ್ಷತ್ರ ತೆಗೆಯುವುದರಲ್ಲಿ ಒಂದು ಸುಖವಿದೆ. ಹಳೆಯ ಆಜ್ಞೆಗಳನ್ನು ನೆನಪಿಟ್ಟುಕೊಳ್ಳುವುದು ಬೇಡ, ತೆಗೆದೆ. ಹೊಸ ಅಂಚೆ ಬಂದಿದೆಯೇ ಎಂದು ನೋಡುವ ಸೌಲಭ್ಯವೂ ಇತ್ತು. ಮಾವಿನಹಣ್ಣಿನ ಕೋಣೆಗೆ ಯಾರು ಕಾಗದ ಬರೆಯುತ್ತಾರೆ? ತೆಗೆದೆ. ಅಡ್ಡಹೆಸರಿಡುವ ಸೌಲಭ್ಯ ತೆಗೆದೆ. ಎಷ್ಟು ತೆಗೆದರೂ ಕೊನೆಗೆ ಕೆಲವೇ ಕೆಬಿಯಷ್ಟು ಹೆಚ್ಚಾಗುತ್ತಿತ್ತು. ಯಾಕೆಂದರೆ ಪರದೆಯಲ್ಲಿ ತಮಿಳು, ಕನ್ನಡ ಅಕ್ಷರ ಕಾಣಬೇಕಿತ್ತು. ಜೊತೆಗೆ ಡಬ್ಬಿ ಆನ್ ಆದಾಗ ಕಂಪನಿಯ ಬಣ್ಣದ ಚಿತ್ರ ಬರಲೇಬೇಕೆಂದು ಯಜಮಾನರು ಹಟ ಹಿಡಿದಿದ್ದರು. ಆಗ ಕಣ್ಣಿಗೆ ಬಿದ್ದದ್ದು ‘ಬ್ಯಾಶ್ ಹೊಂದಾಣಿಕೆ’ ಎಂಬ ನಕ್ಷತ್ರ. ಬ್ಯಾಶೇ ಇಲ್ಲದ ಮೇಲೆ ಅದರ ಹೊಂದಾಣಿಕೆ ಯಾಕೆ? ಅದನ್ನೂ ತೆಗೆದೆ. ಎಲ್ಲ ಒಳಗೆ ಹಿಡಿಸಿತು.

ಸ್ಕ್ರಿಪ್ಟು ಓಡಿಸಿದೆ. ಮೇಲಿನಿಂದ ಎರಡನೇ ಸಾಲಿನಲ್ಲೇ ಶೆಲ್ ತಡೆದು ನಿಂತಿತು. ‘ಪೈಪ್‌ಫೇಲ್ ಎಂಬ ಆಯ್ಕೆ ನನಗೆ ಗೊತ್ತಿಲ್ಲ’ ಎಂಬರ್ಥದ ತಪ್ಪು ತೋರಿಸಿತು. ಆ ಸಾಲು ಏನು ಮಾಡುತ್ತದೆಂದು ನನಗೂ ಗೊತ್ತಿರಲಿಲ್ಲ. ಸ್ಕ್ರಿಪ್ಟನ್ನು ಮೊದಲು ಬರೆದವರು ನಮ್ಮಲ್ಲಿ ಹಿಂದೆ ಇದ್ದ ಇಂಜಿನಿಯರ್ ಮೇಡಂ. ಮದುವೆಯಾಗಿ ಕೊಯಮತ್ತೂರಿಗೆ ಹೋಗಿದ್ದರು. ಅವರ ನಂಬರ್ ನನ್ನ ಫೋನಿನಲ್ಲಿತ್ತು. ಕೇಳಬಹುದಿತ್ತು. ಕೇಳಿದರೆ ಒಂಬತ್ತನೇ ಕ್ಲಾಸು ಹೊರಗೆ ಬರುತ್ತದಲ್ಲ ಎಂದು ಸುಮ್ಮನಾದೆ. ಸಾಲನ್ನು ಅಳಿಸಿದೆ. ಸ್ಕ್ರಿಪ್ಟು ಸರಾಗವಾಗಿ ಓಡಿತು. ಗುಂಡಿ ಒತ್ತಿದೆ, ಫ್ಯಾನ್ ತಿರುಗಿತು, ಹಸಿರು ದೀಪ ಹತ್ತಿತು. ಹಸಿರು ಬಂತು ಎಂದು ಹಿಗ್ಗಿದೆ. ಕೆಂಪು ಉಳಿಯಬೇಕಾದಾಗ ಉಳಿಯುತ್ತದೋ ಎಂದು ನೋಡಲಿಲ್ಲ.

ಮಂಡಿಯ ಎಂಟು ಕೋಣೆಗೂ ಹೊಸ ಡಬ್ಬಿ ಕೂರಿಸಿ ಬಂದೆ. ಮೂರು ವಾರ ಒಂದು ದೂರೂ ಬರಲಿಲ್ಲ.

ನಾಲ್ಕನೇ ವಾರ, ಒಂದು ಬೆಳಗ್ಗೆ ಮ್ಯಾನೇಜರ್ ಫೋನ್ ಮಾಡಿದ. ‘ಮೂರನೇ ರೂಮಿನ ಡಿಸ್ಪ್ಲೇ ಒಡೆದೋಗದೆ. ಬಂದು ಬೇರೆ ಹಾಕಪ್ಪಾ.’

‘ಹೆಂಗೆ ಒಡೀತು ಸಾರ್?’

‘ಲೋಡರ್ ಒಬ್ಬ ಬೆಳಿಗ್ಗೆ ಬೆಳಿಗ್ಗೇನೇ ತಣ್ಣಿ ಹಾಕ್ಕೊಂಡು ಬಂದವ್ನೆ. ರೂಮಿಂದ ತೂರಾಡ್ಕೊಂಡು ಬಂದು ಕ್ರೇಟ್ ಸಮೇತ ಡಬ್ಬಿ ಮೇಲೇ ಬಿದ್ದ. ಇವತ್ತಿಂದ ಬರ್ಬೇಡ ಅಂತ ಹೇಳ್ಬುಟ್ಟೆ.’

‘ನಮ್ ಡಬ್ಬಿಗೂ ಕಿಕ್ ಏರಿರ್ಬೇಕು ಬಿಡಿ’ ಎಂದೆ. ಇಬ್ಬರೂ ನಕ್ಕೆವು. ನಕ್ಕಿದ್ದೆ ಎನ್ನುವುದನ್ನು ಬರೆಯದೆ ಬಿಟ್ಟರೆ ಈ ಕಥನ ಸುಳ್ಳಾಗುತ್ತದೆ.

ಗಾಡಿ ತೆಗೆದುಕೊಂಡು ಸೂಳಗಿರಿ ದಾಟಿ ಮಂಡಿಗೆ ಹೋದಾಗ ಗೇಟಿನ ಪಕ್ಕದ ಕಲ್ಲಿನ ಮೇಲೆ ಆ ಲೋಡರ್ ಕೂತಿದ್ದರು. ಐವತ್ತು ದಾಟಿದ ಮನುಷ್ಯ, ಸೂಳಗಿರಿ ಹತ್ತಿರದ ಹಳ್ಳಿಯವರು. ಅಂಗಿಯ ಮೇಲೆ ವಾಂತಿಯ ಕಲೆ ಒಣಗಿತ್ತು. ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಿ ಎಂದು ಕೇಳಲು ಕಾದಿದ್ದರು.

‘ಬಾರಪ್ಪಾ ದೀಪದೋನೆ’ ಎಂದರು.

‘ಏನಣ್ಣ ಇದು? ಕುಡ್ದಿದ್ದೆ ಅಂತಾರೆ?’

‘ಕುಡ್ತ ಬುಟ್ಟಿದ್ದು ಮಗಳ ಮದ್ವೇಲಿ. ಈಗ ಅವಳ ಮಗಳು ಇಸ್ಕೂಲಿಗೆ ಹೋಯ್ತವಳೆ. ಬಾ, ಬಾಯಿ ಮೂಸ್ ನೋಡು.’

‘ಮತ್ತೆ ಏನಾಯ್ತು?’

‘ಒಳಿಕ್ಕೋದೆ. ನಾಕು ಕ್ರೇಟ್ ಎಳೆಯಾ ಹೊತ್ಗೆ ಎದೆ ಹಿಡ್ಕಂತು, ಕಾಲು ನಂದಲ್ಲ ಅನ್ನಂಗಾಯ್ತು. ಬಾಗ್ಲು ಎಲ್ಲದೆ ಅಂತಾನೇ ತಿಳೀನಿಲ್ಲ. ಗ್ವಾಡೆ ತಡವ್ಕಂಡು ಬಂದೆ.’ ಆಮೇಲೆ ಹೇಳಿದರು: ‘ನಾನು ಹಿಂದೆ ಬಾವಿ ತೋಡ್ತಿದ್ದೋನು ಕಣಪ್ಪ. ಹಳೇ ಬಾವಿಗೆ ಇಳಿಯಾಕ್ ಮುಂಚೆ ಹಗ್ಗದಾಗೆ ಲಾಟೀನು ಬುಡ್ತೀವಿ. ಆರೋದ್ರೆ ಇಳಿಯಾಕಿಲ್ಲ. ನೀನು ದೀಪ ಇಕ್ಕಿದಾಗ ನಂಗೆ ಅದೇ ಜ್ಞಾಪಕ ಬಂದಿತ್ತು. ನಿನ್ ದೀಪ ಹಸ್ರಾಗೇ ಇತ್ತಲ್ಲಪ್ಪ. ಅದ್ಕೇ ಹೋದೆ.’

ನನಗೆ ಕೋಪ ಬಂತು. ಅವರ ಮೇಲೆ. ಕುಡಿದು ಬಿದ್ದು, ತಪ್ಪನ್ನು ನನ್ನ ಡಬ್ಬಿಗೆ ಹೊರಿಸುತ್ತಿದ್ದಾರಲ್ಲ ಎಂದು. ಡಿಸ್ಪ್ಲೇ ಬದಲಿಸುವುದನ್ನು ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆಗೆದು, ಕೇಬಲ್ ಸಿಕ್ಕಿಸಿ, ಡಬ್ಬಿಯ ದಾಖಲೆ ತೆರೆದೆ. ದೀಪ ಸರಿಯಾಗಿಯೇ ಇತ್ತೆಂದು ತೋರಿಸಿ ಅವರ ಬಾಯಿ ಮುಚ್ಚಿಸುವುದೇ ನನ್ನ ಉದ್ದೇಶವಾಗಿತ್ತು.

ಅಂದು ಬೆಳಗಿನ ದಾಖಲೆಯಲ್ಲಿ ಹೀಗಿತ್ತು. ಗುಂಡಿ ಒತ್ತಿದ್ದಾರೆ. ಗಾಳಿ ಅಳೆದಿದೆ. ಮಿತಿಗಿಂತ ಬಹಳ ಹೆಚ್ಚು. ಉತ್ತರ: ಬೇಡ. ಅದರ ಕೆಳಗಿನ ಸಾಲು: ಫ್ಯಾನ್ ನಿಲ್ಲಿಸಿದೆ, ಹಸಿರು ಹತ್ತಿಸಿದೆ.

ಎರಡು ಸಲ ಓದಿದೆ. ‘ಬೇಡ’ ಎಂದ ಮೇಲೆ ಹಸಿರು ಹೇಗೆ? ಹಿಂದಿನ ದಿನದ್ದು ನೋಡಿದೆ. ಬೇಡ, ಹಸಿರು. ಅದರ ಹಿಂದಿನದು. ಬೇಡ, ಹಸಿರು. ಮೂರು ವಾರದುದ್ದಕ್ಕೂ ಹಾಗೆಯೇ. ಸೆನ್ಸರ್ ಒಂದು ದಿನವೂ ತಪ್ಪದೆ ಬೇಡ ಬೇಡ ಎಂದು ಹೇಳಿತ್ತು. ಡಬ್ಬಿ ಒಂದನ್ನೂ ಬಿಡದೆ ಶ್ರದ್ಧೆಯಿಂದ ಬರೆದಿಟ್ಟಿತ್ತು. ಬರೆದಿಟ್ಟು, ಜನರನ್ನು ಒಳಗೆ ಕಳಿಸಿತ್ತು.

ನಂಬಲಾಗದೆ ಸೆನ್ಸರನ್ನು ಗೋಡೆಯಿಂದ ಬಿಚ್ಚಿ ಬಾಯಿಯ ಹತ್ತಿರ ಹಿಡಿದು ಉಸಿರು ಊದಿದೆ. ಲ್ಯಾಪ್‌ಟಾಪಿನಲ್ಲಿ ಅಂಕಿ ಏರಿತು. ಇನ್ನೂ ಊದಿದೆ. ಮಿತಿ ದಾಟಿತು. ‘ಬೇಡ’ ಎಂದು ಬರೆದುಕೊಂಡಿತು. ತಲೆಯೆತ್ತಿ ನೋಡಿದೆ. ಹಸಿರು. ಕಣ್ಣು ಕತ್ತಲೆ ಬರುವ ತನಕ ಊದಿದೆ. ಹಸಿರು ಹಸಿರಾಗಿಯೇ ಇತ್ತು. ನನ್ನ ಹಿಂದೆ ಲೋಡರ್‌ಗಳು ಎರಡನೇ ಕೋಣೆಯ ಹಸಿರು ನೋಡಿಕೊಂಡು ಒಳಗೆ ನುಗ್ಗುತ್ತಿದ್ದರು.

‘ಯಾರೂ ಒಳಗೆ ಹೋಗ್ಬೇಡ್ರೋ! ಬನ್ರೋ ಆಚೆಗೆ!’ ಎಂದು ಕೂಗಿದೆ. ಮೂರು ಭಾಷೆಯೂ ಒಂದರೊಳಗೊಂದು ಸೇರಿ ಏನು ಕೂಗಿದೆನೋ ಗೊತ್ತಿಲ್ಲ. ಎಂಟೂ ಬಾಗಿಲ ದೀಪದ ವೈರುಗಳನ್ನು ಕಿತ್ತೆ. ಎಂಟೂ ಬಾಗಿಲು ತೆಗೆಸಿದೆ.

ಮ್ಯಾನೇಜರ್ ಓಡಿ ಬಂದ. ‘ಏನಪ್ಪಾ ಮಾಡ್ತಿದೀಯ? ಲಾರಿ ನಿಂತವೆ!’

‘ನಿಲ್ಲಲಿ ಸಾರ್. ದೀಪ ಸುಳ್ಳು ಹೇಳ್ತಿದೆ. ಎಲ್ಲ ರೂಮಲ್ಲೂ. ಮೂರು ವಾರದಿಂದ.’

ಆತ ಎಂಟೂ ಬಾಗಿಲುಗಳತ್ತ ತಿರುಗಿ ನೋಡಿದ. ‘ನಾನೂ ದಿನಾ ಒಳಗೆ ಹೋಯ್ತೀನಲ್ಲಯ್ಯಾ’ ಎಂದ, ಬಹಳ ಮೆಲ್ಲಗೆ.

ಮಂಡಿಯ ಹಿಂದಿನ ಗೋಡೆಗೆ ಒರಗಿ ನಿಂತು ಕೊಯಮತ್ತೂರಿನ ಮೇಡಂಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು. ‘ಅಣ್ಣಾ, ಮೇಲಿಂದ ಎರಡನೇ ಸಾಲು ಇದ್ಯಾ?’

‘ಇಲ್ಲ ಮೇಡಂ. ಹೊಸ ಶೆಲ್ಲಿಗೆ ಅರ್ಥ ಆಗ್ಲಿಲ್ಲ ಅಂತ ತೆಗೆದೆ.’

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಸ್ಕ್ರಿಪ್ಟಿನಲ್ಲಿ ಸೆನ್ಸರಿನ ಉತ್ತರ ನೇರವಾಗಿ ಶೆಲ್ಲಿಗೆ ಹೋಗುವುದಿಲ್ಲ, ನಡುವೆ ದಾಖಲೆ ಬರೆಯುವ ಪುಟ್ಟ ಪ್ರೋಗ್ರಾಮಿನ ಮೂಲಕ ಹೋಗುತ್ತದೆ. ಹೀಗೆ ಇಬ್ಬರನ್ನು ಸಾಲಾಗಿ ನಿಲ್ಲಿಸಿದರೆ ಶೆಲ್ ಕೊನೆಯವನ ಉತ್ತರವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಸೆನ್ಸರ್ ‘ಬೇಡ’ ಎನ್ನುತ್ತದೆ. ಬರೆಯುವವನು ಅದನ್ನು ಬರೆದು ‘ಸರಿ, ಆಯ್ತು’ ಎನ್ನುತ್ತಾನೆ. ಬರೆದದ್ದು ಆಯ್ತು ಎಂದು ಅವನ ಅರ್ಥ. ಶೆಲ್ ಆ ‘ಸರಿ’ಯನ್ನು ಹಿಡಿದು ದೀಪ ಹತ್ತಿಸುತ್ತದೆ. ಸಾಲಿನಲ್ಲಿ ಯಾರೊಬ್ಬರು ಬೇಡ ಎಂದರೂ ಬೇಡ ಎಂದೇ ತಿಳಿ ಎಂದು ಶೆಲ್ಲಿಗೆ ಹೇಳುತ್ತಿದ್ದದ್ದು ನಾನು ಅಳಿಸಿದ ಸಾಲು. ಅದು ಅರ್ಥವಾಗಬೇಕಾದರೆ ಬೇಕಿದ್ದದ್ದು ನಾನು ತೆಗೆದ ನಕ್ಷತ್ರ.

‘ಯಾಕಣ್ಣ ಒಂದು ಫೋನ್ ಮಾಡ್ಲಿಲ್ಲ?’ ಎಂದರು.

ಮೊದಲ ಮೂರು ವಾರ ಯಾರಿಗೂ ಏನೂ ಆಗದೆ ಇದ್ದದ್ದಕ್ಕೆ ಕಾರಣವೂ ದಾಖಲೆಯನ್ನು ಮತ್ತೆ ನೋಡಿ, ಮ್ಯಾನೇಜರನ್ನು ಕೇಳಿದಾಗ ತಿಳಿಯಿತು. ಸೀಸನ್ನಿನ ಆರಂಭದಲ್ಲಿ ಕೋಣೆಗಳು ಅರ್ಧವಷ್ಟೇ ತುಂಬಿದ್ದವು, ಅಳತೆ ಮಿತಿಯನ್ನು ಚೂರೇ ಚೂರು ದಾಟುತ್ತಿತ್ತು. ಆ ದಿನ ಮಾತ್ರ ಮೂರನೇ ಕೋಣೆ ಚಾವಣಿ ಮುಟ್ಟುವಷ್ಟು ತುಂಬಿತ್ತು.

ನಾನು ಹೊರಡುವ ಹೊತ್ತಿಗೆ ಗೇಟಿನ ಪಕ್ಕದ ಕಲ್ಲು ಖಾಲಿಯಿತ್ತು, ಲೋಡರ್ ಹಳ್ಳಿಗೆ ಹೋಗಿಬಿಟ್ಟಿದ್ದರು. ಸಂಜೆ ಹೊಸೂರಿಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಅವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತರು. ಆಮೇಲೆ, ‘ಸರಿ ಪಾ. ರಿಪೇರಿ ಮಾಡು. ಮಂಡಿಯವ್ರಿಗೆ ಮಾತ್ರ ಸೆನ್ಸರ್ ಹೋಗಿತ್ತು ಅಂತ ಬರ್ದುಕೊಡು. ಸೆನ್ಸರ್ ಕೆಡೋದು ಎಲ್ಲಾ ಕಡೆ ಇದ್ದಿದ್ದೇ’ ಎಂದರು.

‘ಸೆನ್ಸರ್ ನಿಜಾನೇ ಹೇಳಿದೆ ಸಾರ್. ದಾಖಲೇಲಿದೆ.’

‘ದಾಖಲೆ ಯಾರು ಓದ್ತಾರೆ? ನಿಂಗೂ ಮರ್ಯಾದೆ ಉಳಿಯುತ್ತೆ. ಒಂಬತ್ತನೇ ಕ್ಲಾಸಿನೋನ ಕೈಗೆ ಕೊಟ್ಟಿದ್ದಾರೆ ಅಂತ ನನ್ನೂ ಯಾರೂ ಆಡ್ಕೊಳ್ಳಲ್ಲ.’

ಒಂದು ಕ್ಷಣ ಒಪ್ಪಿಬಿಡೋಣ ಎನಿಸಿತ್ತು. ಸೆನ್ಸರ್ ಎಂದು ಬರೆದುಕೊಟ್ಟರೆ ನನ್ನ ಹೆಸರು ಉಳಿಯುತ್ತದೆ. ಆದರೆ ಮ್ಯಾನೇಜರ್ ಲೋಡರನ್ನು ಕಳಿಸಿದ್ದು ಕುಡುಕ ಎಂದು. ಸೆನ್ಸರ್ ಕೆಟ್ಟಿತ್ತು ಎಂಬ ಕಾಗದದಲ್ಲಿ ಆ ಮನುಷ್ಯ ಕುಡಿದಿರಲಿಲ್ಲ ಎಂದು ಎಲ್ಲಿ ಬರುತ್ತದೆ? ಆ ಬೆಳಿಗ್ಗೆ ಒಳಗಿದ್ದ ಗಾಳಿಯ ಅಂಕಿಯೇ ಅವರ ಸಾಕ್ಷಿ. ಸೆನ್ಸರನ್ನು ಸುಳ್ಳುಗಾರ ಮಾಡಿದರೆ ಆ ಸಾಕ್ಷಿಯೂ ಸುಳ್ಳಾಗುತ್ತದೆ.

‘ಆಗಲ್ಲ ಸಾರ್. ನಾನು ತೆಗೆದಿದ್ದು, ನಾನೇ ಹೇಳ್ತೀನಿ’ ಎಂದೆ. ಅವರು ಎದ್ದು ಹೋದರು.

ಎರಡು ದಿನ ಕೂತು ಸರಿ ಮಾಡಿದೆ. ನಕ್ಷತ್ರವನ್ನೂ ಸಾಲನ್ನೂ ವಾಪಸ್ ಹಾಕಿದೆ. ಜಾಗಕ್ಕಾಗಿ ಕಂಪನಿಯ ಬಣ್ಣದ ಚಿತ್ರ ಕಿತ್ತೆ, ಯಜಮಾನರು ತಡೆಯಲಿಲ್ಲ. ಅಷ್ಟಕ್ಕೇ ಬಿಡಲಿಲ್ಲ. ಶೆಲ್ಲಿನ ಒಂದು ಆಯ್ಕೆಯನ್ನು ಒಬ್ಬರ ಉಸಿರು ನೆಚ್ಚಿಕೊಂಡಿರಬಾರದು. ಸೆನ್ಸರಿನ ಉತ್ತರವನ್ನು ಮೊದಲು ನೇರವಾಗಿ ಪಡೆದು, ದೀಪದ ತೀರ್ಮಾನ ಆದ ಮೇಲೆ ದಾಖಲೆ ಬರೆಯುವಂತೆ ತಿರುಗಿಸಿ ಬರೆದೆ. ಉತ್ತರ ಬಾರದಿದ್ದರೆ, ಬಂದದ್ದು ಅಂಕಿಯೇ ಅಲ್ಲದಿದ್ದರೆ, ಸ್ಕ್ರಿಪ್ಟು ನಡುವೆ ಸತ್ತರೆ, ಎಲ್ಲಕ್ಕೂ ಕೆಂಪು. ಹಸಿರು ಬರಲು ಒಂದೇ ದಾರಿ. ಪ್ರತಿ ಡಬ್ಬಿಗೂ ಸೋಡಾ ಬಾಟಲಿ ಬಿಚ್ಚಿ ಸೆನ್ಸರಿನ ಬಳಿ ಹಿಡಿದು, ಕೆಂಪು ಆರದೆ ಉಳಿಯುವುದನ್ನು ಕಣ್ಣಾರೆ ನೋಡಿದೆ. ಸ್ಕ್ರಿಪ್ಟನ್ನು ಮೇಡಂಗೆ ಕಳಿಸಿ ಓದಿಸಿದೆ. ಅವರು ಎರಡು ಕಡೆ ತಿದ್ದಿದರು.

ಮೂರನೇ ದಿನ ಡಬ್ಬಿಗಳನ್ನು ಕಟ್ಟಿಕೊಂಡು ಮಂಡಿಗೆ ಹೊರಟವನು ಮೊದಲು ಲೋಡರಣ್ಣನ ಹಳ್ಳಿಗೆ ಗಾಡಿ ತಿರುಗಿಸಿದೆ. ಅವರು ಜಗಲಿಯ ಮೇಲಿದ್ದರು. ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಇಬ್ಬರ ಎದುರಿಗೂ ಎಲ್ಲ ಹೇಳಿದೆ. ಶೆಲ್, ಸಾಲು, ನಕ್ಷತ್ರ ಎಂದು ಶುರುಮಾಡಿ ಅರ್ಧದಲ್ಲಿ ಬಿಟ್ಟು, ‘ಅಮ್ಮಾ, ಅಣ್ಣ ಕುಡ್ದಿರ್ಲಿಲ್ಲ. ತಪ್ಪು ನಂದು. ಇವ್ರು ಸತ್ತೇ ಹೋಗ್ತಿದ್ರು’ ಎಂದೆ.

ಆ ತಾಯಿ ಗಂಡನನ್ನು ನೋಡಲಿಲ್ಲ, ನನ್ನನ್ನೇ ನೋಡಿದರು. ‘ಮೂರು ದಿವ್ಸದಿಂದ ಬೈಕಂಡೇ ಮುದ್ದೆ ಇಕ್ಕಿವ್ನಿ ಇವ್ರಿಗೆ. ಮಗಳಿಗೂ ಫೋನ್ ಮಾಡಿ, ನಿಮ್ಮಪ್ಪ ತಿರ್ಗ ಸುರು ಹಚ್ಕಂಡ ಅಂದ್ಬುಟ್ಟೆ. ಅದ್ನೆಲ್ಲ ವಾಪಸ್ ತಗಳಾಕೆ ನಿನ್ ಡಬ್ಬೀಲಿ ಯಾವ್ ಗುಂಡಿ ಅದೆ, ಹೇಳು?’

ಲೋಡರಣ್ಣನೇ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ‘ಇಲ್ಲಿ ಹೇಳಿದ್ದು ಸಾಕಾಗಾಕಿಲ್ಲ ಕಣಪ್ಪ. ಅಲ್ಲಿ ಹೇಳ್ಬೇಕು. ನಡಿ.’

ಗಾಡಿಯಲ್ಲಿ ನನ್ನ ಹಿಂದೆ ಕೂತು ಬಂದರು.

ಮಂಡಿಯಲ್ಲಿ ಎಂಟೂ ಡಬ್ಬಿ ಬದಲಿಸಿ, ಮೂರನೇ ಕೋಣೆಯ ಮುಂದೆ ಎಲ್ಲರನ್ನೂ ಕರೆದೆ. ದೀಪದ ಪಾಠ ಹೇಳಿದ ಹಾಗೆಯೇ ಮೂರು ಭಾಷೆಯಲ್ಲೂ ಹೇಳಿದೆ. ನನ್ನ ಕೈಯಿಂದ ಆದ ತಪ್ಪು. ಇವರು ಕುಡಿದಿರಲಿಲ್ಲ. ಇಲ್ಲಿರುವ ಪ್ರತಿಯೊಬ್ಬರನ್ನೂ ಮೂರು ವಾರ ನಾನು ಕೆಟ್ಟ ಗಾಳಿಗೆ ಕಳಿಸಿದ್ದೇನೆ. ತೆಲುಗಿನಲ್ಲಿ ಹೇಳುವಾಗ ನಾಲಗೆ ತೊದಲಿತು. ಯಾರೂ ಬೈಯಲಿಲ್ಲ. ಒಬ್ಬ ಹೆಂಗಸು ಮಾತ್ರ, ‘ಅದ್ಕೇನಾ ನಂಗೆ ದಿನಾ ತಲೆನೋವು’ ಎಂದಳು, ಯಾರಿಗೂ ಅಲ್ಲದಂತೆ. ಮ್ಯಾನೇಜರ್ ಲೋಡರಣ್ಣನ ಮುಂದೆ ಬಂದು ‘ನಾಳೆಯಿಂದ ಬಾ’ ಎಂದ.

‘ನಾಳೆ ಯಾಕೆ? ಇವತ್ತೇ ಬಂದಿವ್ನಲ್ಲ’ ಎಂದರು ಅವರು.

ಗುಂಡಿ ಒತ್ತಿದೆ. ಕೆಂಪು. ಫ್ಯಾನ್ ಓಡಿತು. ಕೆಂಪು ಇಷ್ಟು ಹೊತ್ತು ಉಳಿದದ್ದನ್ನು ಆ ಜನ ಈ ವರ್ಷ ನೋಡಿಯೇ ಇರಲಿಲ್ಲ. ಎಲ್ಲರೂ ಕತ್ತೆತ್ತಿ ನಿಂತರು. ಬಹಳ ಹೊತ್ತಾದ ಮೇಲೆ ಹಸಿರಾಯಿತು. ಒಬ್ಬರೂ ಕದಲಲಿಲ್ಲ.

‘ಹೋಗು’ ಎಂದರು ಲೋಡರಣ್ಣ, ನನಗೆ.

ಬಾಗಿಲು ತಳ್ಳಿ ಒಳಗೆ ಹೋದೆ. ಹಣ್ಣಿನ ವಾಸನೆ ಮುಖಕ್ಕೆ ಬಡಿಯಿತು. ನಾಲ್ಕು ಕ್ರೇಟ್ ಎಳೆದಿದ್ದೆ ಎಂದಿದ್ದರಲ್ಲ, ನಾನೂ ನಾಲ್ಕು ಎಳೆದೆ. ಉಸಿರು ಸರಿಯಾಗಿತ್ತು. ಐದನೆಯದಕ್ಕೆ ಕೈ ಹಾಕುತ್ತ ಹಿಂದಕ್ಕೆ ನೋಡಿದೆ. ಆ ಭಾರದ ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂಥದ್ದು. ಅದು ಮುಚ್ಚಿಕೊಳ್ಳದಂತೆ ಲೋಡರಣ್ಣ ಬೆನ್ನು ಕೊಟ್ಟು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು, ನನ್ನನ್ನೇ ನೋಡುತ್ತ ನಿಂತಿದ್ದರು.